ಅಮ್ಮಾಜಮ್ಮನ ಸೋಬಾನೆ ಇದ್ದ ಡಿಸ್ಕ್

ಕೋಲಾರ ಚಿನ್ನದ ಗಣಿಯ ಊರಿಗಾಂನ ಸಾಲುಮನೆಗಳಲ್ಲಿ ಯಾರ ಮನೆಯ ಮಿಕ್ಸಿ ನಿಂತರೂ, ಫ್ಯಾನ್ ಕಿರುಗುಟ್ಟಿದರೂ ಮೊದಲು ನೆನಪಾಗುತ್ತಿದ್ದವರು ಮುನಿಯಪ್ಪ. ಫ್ಯಾಕ್ಟರಿಯಲ್ಲಿ ಫಿಟ್ಟರ್. ಮನುಷ್ಯ ಒಳ್ಳೆಯವರೇ, ಆದರೆ ಕೆಟ್ಟ ವಸ್ತು ಕೈಗೆ ಸಿಕ್ಕರೆ ಬಿಚ್ಚದೆ ಬಿಡುವ ಜಾಯಮಾನ ಅವರದ್ದಲ್ಲ. ಬಿಚ್ಚು, ಒರೆಸು, ಎಣ್ಣೆ ಬಿಡು, ಮುಚ್ಚು. ಎಲ್ಲಕ್ಕೂ ಅದೊಂದೇ ಮದ್ದು. ಬಹುಪಾಲು ಅದು ಫಲಿಸುತ್ತಲೂ ಇತ್ತು, ಎಡವಟ್ಟಾದದ್ದು ಅದರಿಂದಲೇ.

ಪಕ್ಕದ ಮನೆಯ ಇಂದ್ರಾಣಿ ಒಂದು ಹಾರ್ಡ್ ಡಿಸ್ಕ್ ತಂದುಕೊಟ್ಟಳು. ಮೇಜಿನಿಂದ ಬಿದ್ದ ಮೇಲೆ ಟಕ್ ಟಕ್ ಅನ್ನುತ್ತಿತ್ತು. ಅವಳ ತಾಯಿ ಅಮ್ಮಾಜಮ್ಮ ಹಾಡಿದ ಸೋಬಾನೆ ಪದಗಳೆಲ್ಲ ಅದರಲ್ಲಿದ್ದವು, ಬೇರೆಲ್ಲೂ ಇರಲಿಲ್ಲ. ಸುತ್ತಲಿನ ಮದುವೆಗಳಿಗೆಲ್ಲ ಹಸೆಹಾಡು ಹೇಳುತ್ತಿದ್ದ ಆ ಅಜ್ಜಿಗೆ ಈಗ ಲಕ್ವ ಹೊಡೆದು ಮಾತೇ ನಿಂತುಹೋಗಿತ್ತು. ಇನ್ನೊಮ್ಮೆ ಹಾಡಿಸಿಕೊಳ್ಳುವ ಹಾಗಿರಲಿಲ್ಲ.

ಇಂಥದ್ದನ್ನು ಮುಟ್ಟದೆ ಎತ್ತಿಟ್ಟು ಬಲ್ಲವರಿಗೆ ಒಪ್ಪಿಸಬೇಕು. ನಮ್ಮ ಮುನಿಯಪ್ಪನವರಿಗೆ ಆ ತಾಳ್ಮೆ ಎಲ್ಲಿಂದ ಬರಬೇಕು? ಮತ್ತೆ ಮತ್ತೆ ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದರು, ಸದ್ದು ಜಾಸ್ತಿಯಾಯಿತು. ಜಗಲಿಯ ಮೇಲೆ ಕೂತು ಮುಚ್ಚಳವನ್ನೇ ತೆಗೆದರು. ಗಣಿಯ ಹಳೆ ಮಣ್ಣು ಸುರಿದ ಸೈನೈಡ್ ದಿಬ್ಬದ ಕಡೆಯಿಂದ ಬೂದು ದೂಳು ಬೀಸುತ್ತಿತ್ತು. ಒಳಗಿನ ಕನ್ನಡಿಯಂಥ ತಟ್ಟೆಯ ಮೇಲೆ ಕೂತ ದೂಳನ್ನು ಉಫ್ ಎಂದು ಊದಿ, ಹಳೆ ಬನಿಯನ್ನಿನಿಂದ ಉಜ್ಜಿ, ಹೊಲಿಗೆ ಮಿಷನ್ನಿನ ಎಣ್ಣೆ ಒಂದು ತೊಟ್ಟು ಬಿಟ್ಟು ಮುಚ್ಚಿದರು. ಆಮೇಲೆ ಅದು ಸದ್ದನ್ನೂ ಮಾಡಲಿಲ್ಲ. ಸಿಕ್ಕಿಸಿ ನೋಡಿದೆ, ಸರಿಯಾಗಲಿಲ್ಲ ಅಂತಷ್ಟೇ ಇಂದ್ರಾಣಿಗೆ ಹೇಳಿದರು.

ರಾಬರ್ಟ್‌ಸನ್‌ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಅಕ್ಷರಾಳ ಬಳಿಗೆ ಇಬ್ಬರೂ ಹೋದರು. ಇದನ್ನು ಬಿಚ್ಚಿದ್ದೀರಾ ಎಂದು ಆಕೆ ಮೊದಲೇ ಕೇಳಿದಳು. ಇಲ್ಲವೇ ಇಲ್ಲ, ಮುನಿಯಪ್ಪಣ್ಣ ಬರೀ ಸಿಕ್ಕಿಸಿ ನೋಡಿದ್ದಾರೆ ಎಂದಳು ಇಂದ್ರಾಣಿ. ಹಾಗಾದರೆ ಇನ್ನು ಆನ್ ಮಾಡುವುದು ಬೇಡ, ಬೆಂಗಳೂರಿನ ಲ್ಯಾಬಿಗೆ ಕಳಿಸೋಣ, ಬಿದ್ದದ್ದಷ್ಟೇ ಆದರೆ ಹಾಡು ಸಿಗುವ ಆಸೆಯಿದೆ ಎಂದಳು ಅಕ್ಷರಾ. ಇಂದ್ರಾಣಿಯ ಮುಖ ಅರಳಿತು. ಅದನ್ನು ನೋಡಲಾರದೆ ಮುನಿಯಪ್ಪನವರಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

“ಬಿಚ್ಚಿದ್ದೆ ಕಣಮ್ಮ,” ಎಂದರು ಇಂದ್ರಾಣಿಯ ಕಡೆ ತಿರುಗಿ. “ಬಟ್ಟೇಲಿ ಒರ್ಸಿ ಎಣ್ಣೇನೂ ಬಿಟ್ಟೆ. ನಿಂಗೆ ಏಳಕ್ಕೆ ಮುಖ ಬರ್ಲಿಲ್ಲ.”

ಹಾಡು ಇರುವುದೇ ಆ ತಟ್ಟೆಯ ಮೇಲೆ, ಉಜ್ಜಿದ್ದಕ್ಕೆ ಅದರ ತುಂಬ ಗೀರಾಗಿರುತ್ತದೆ, ಇನ್ನು ಯಾವ ಲ್ಯಾಬಿನಲ್ಲೂ ಆಗದು ಎಂದು ಅಕ್ಷರಾ ಡಿಸ್ಕನ್ನು ಮೆಲ್ಲಗೆ ವಾಪಸ್ ಕೊಟ್ಟಳು. ಇಂದ್ರಾಣಿ ಆಟೋದಲ್ಲಿ ಮನೆ ಮುಟ್ಟುವವರೆಗೂ ಅದನ್ನು ಮಡಿಲಲ್ಲೇ ಹಿಡಿದು ಕೂತಿದ್ದಳು. ನಾಲ್ಕು ಮಾತು ಬೈದಿದ್ದರೆ ಮುನಿಯಪ್ಪನವರಿಗೆ ಎಷ್ಟೋ ಹಗುರಾಗುತ್ತಿತ್ತು.

ಮಂಚದ ಮೇಲಿದ್ದ ಅಮ್ಮಾಜಮ್ಮ ಮಗಳ ಮುಖವನ್ನೇ ನೋಡಿದರು.

“ಬಿದ್ದಾಗ್ಲೇ ಓಗ್ಬಿಟ್ಟಿತ್ತಂತೆ ಕಣಮ್ಮ,” ಎಂದಳು ಇಂದ್ರಾಣಿ. “ಪಾಪ, ಅಣ್ಣ ಭಾಳ ಓಡಾಡಿದ್ರು.”

ಮುನಿಯಪ್ಪ ಬಾಗಿಲಲ್ಲೇ ನಿಂತಿದ್ದರು. ಅಜ್ಜಿ ಸ್ವಾಧೀನವಿದ್ದ ಒಂದೇ ಕೈಯನ್ನು ಕಷ್ಟಪಟ್ಟು ಎತ್ತಿ, ಹಣೆಗೆ ಮುಟ್ಟಿಸಿ, ಅವರಿಗೆ ನಮಸ್ಕಾರ ಮಾಡಿದರು.