ಹಗ್ಗ ಎಲ್ಲಿಟ್ಟಿದೀಯವ್ವ

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಅಜ್ಜಂಪುರದ ಹತ್ತಿರದ ನಮ್ಮೂರಿನಿಂದ ಕಡೂರಿನ ಕಾಲೇಜಿಗೆ ಹೋಗಿಬರುತ್ತಿದ್ದ ಹುಡುಗಿ ನಾನೊಬ್ಬಳೇ. ಅದೊಂದೇ ಕಾರಣಕ್ಕೆ ಊರಿನ ನಾಟಕ ಬರೆಯುವ ಕೆಲಸ ನನ್ನ ತಲೆಗೆ ಕಟ್ಟಿದರು. ನನಗೂ ಜಂಬ ಕಡಿಮೆಯಿರಲಿಲ್ಲ. ಬೀರೂರಿನ ರೈಲಿನಲ್ಲಿ ಕೂತು ಬರೆದೇ ಬಿಟ್ಟೆ. ಒಬ್ಬಳು ಒಳ್ಳೆಯ ತಾಯಿ, ಒಬ್ಬ ಕೆಟ್ಟ ಮಗ. ಮಗ ತಾಯಿಯನ್ನು ಮನೆಯಿಂದ ಹೊರಗೆ ದಬ್ಬಿ ಗಹಗಹಿಸಿ ನಗುತ್ತಾನೆ. ಗಂಟಲು ದೊಡ್ಡದೆಂದು ಆ ಪಾತ್ರ ನಮ್ಮಣ್ಣನಿಗೆ ಬಿತ್ತು.

ಮೊದಲ ದಿನವೇ ಅಣ್ಣ ಕೇಳಿದ. "ಇವ್ನು ಅವ್ವನ್ನ ಯಾಕೆ ಹೊರಗಾಕ್ತಾನೆ?"

"ಕೆಟ್ಟವನು, ಅದಕ್ಕೆ" ಎಂದೆ.

"ಕೆಟ್ಟವನು, ಸರಿ ಕಣೇ. ಬೆಳಗ್ಗೆ ಎದ್ದು ಏನ್ ಮಾಡ್ತಾನೆ? ಅವನಿಗೂ ದನ ಕರ ಇಲ್ವಾ?"

ಓದದವನ ತಲೆಹರಟೆ ಎಂದುಕೊಂಡು ಮುಂದಿನ ಪುಟ ತಿರುಗಿಸಿದೆ.

ಆಗಲೇ ತರೀಕೆರೆ ಕಡೆಯ ಒಂದು ಹೆಣ್ಣಿನ ಜೊತೆ ಅಣ್ಣನ ಮದುವೆ ಮಾತುಕತೆ ಮುಕ್ಕಾಲು ಮುಗಿದಿತ್ತು. ಹೆಣ್ಣು ನೋಡಿ ಬಂದಮೇಲೆ ಅವನು ಹೊಲಕ್ಕೆ ಹೋಗುವಾಗಲೂ ಗಡ್ಡ ಹೆರೆದುಕೊಂಡು ಹೋಗುತ್ತಿದ್ದ. ನಾವೆಲ್ಲ ರೇಗಿಸಿದರೂ ಬಿಡಲಿಲ್ಲ.

ಮದುವೆ ಒಪ್ಪುವ ಮುಂಚೆ ಹೆಣ್ಣಿನ ಕಡೆಯವರು ಹೇಳದೆ ಕೇಳದೆ ಬಂದು ಹುಡುಗನ ನಡೆನುಡಿ ನೋಡಿಹೋಗುವುದು ನಮ್ಮ ಕಡೆ ಮಾಮೂಲು. ಹಾಗೆ ಹುಡುಗಿಯ ತಂದೆ ಬಂದಿಳಿದಾಗ ಈರುಳ್ಳಿ ಷೆಡ್ಡಿನಲ್ಲಿ ತಾಲೀಮು ನಡೆಯುತ್ತಿತ್ತು. ತಾಯಿಯ ಪಾತ್ರ ನಮ್ಮೂರಿನ ಹೋಟೆಲು ನಡೆಸುವವರದು. ಮೀಸೆ ಬೋಳಿಸದೆ, ಸೆರಗಿನ ಬದಲು ಟವೆಲು ಹೊದ್ದಿದ್ದ ಅವರನ್ನು ಅಣ್ಣ ರಟ್ಟೆ ಹಿಡಿದು ದರದರ ಎಳೆದು ಹೊರಗೆ ದಬ್ಬಿದ. ಬಾಗಿಲಲ್ಲಿ ನಿಂತು ನೋಡಿದ ಹುಡುಗಿಯ ತಂದೆ ನಮ್ಮನೆಯಲ್ಲಿ ಕಾಫಿ ಕೂಡ ಮುಟ್ಟದೆ ಬಸ್ಸು ಹತ್ತಿದರು.

"ನಾಟಕ ಅಂತ ನಂಗೂ ಗೊತ್ತಮ್ಮ" ಎಂದು ಹೊರಡುವಾಗ ಅವ್ವನಿಗೆ ಹೇಳಿದ್ದರು. "ಆದ್ರೆ ಅಷ್ಟು ಸಲೀಸಾಗಿ ಅವ್ವನ್ನ ದಬ್ತಾನಲ್ಲ, ಅಭ್ಯಾಸ ಇಲ್ದೆ ಬತ್ತದಾ ಅದು?"

ಅವ್ವ ನನ್ನ ಮೇಲೆ ಹರಿಹಾಯ್ದಳು. ಪಾತ್ರ ಬಿಟ್ಟುಬಿಡು ಎಂದು ಅಣ್ಣನಿಗೆ ಅಪ್ಪಣೆಯಾಯಿತು. ಅವನು ಒಪ್ಪಲಿಲ್ಲ.

"ಈಗ ಬಿಟ್ರೆ ನಾನು ಅಂಥೋನೇ ಅಂತ ಒಪ್ಕೊಂಡಂಗಾಯ್ತದೆ" ಎಂದ. ಅಂದು ಅವನು ಉಣ್ಣಲಿಲ್ಲ.

ಮರುದಿನ ಬೆಳಗ್ಗೆ ಕೊಟ್ಟಿಗೆಯಿಂದ ಅವನ ಕೂಗು ಕೇಳಿತು: "ಅವ್ವಾ, ಹಗ್ಗ ಎಲ್ಲಿಟ್ಟಿದೀಯವ್ವಾ?" ಕರು ಕಟ್ಟುವ ಹಗ್ಗ ಅವನ ಮೂಗಿನ ಮುಂದಿನ ಗೂಟದಲ್ಲೇ ಇರುತ್ತಿತ್ತು. ದಿನಾ ಕೂಗುತ್ತಿದ್ದ, ದಿನಾ ಅವ್ವ ಬೈಯುತ್ತಾ ಹೇಳುತ್ತಿದ್ದಳು. ಹುಟ್ಟಿದಾಗಿನಿಂದ ಕೇಳಿದ ಮಾತು ಆ ದಿನ ನನಗೆ ಬೇರೆಯಾಗಿ ಕೇಳಿಸಿತು. ಗಹಗಹಿಸುವ ನಗುವನ್ನು ಹೊಡೆದುಹಾಕಿ ಅಲ್ಲಿ ಈ ಒಂದು ಸಾಲು ಬರೆದೆ. ಅದಾದಮೇಲೆ ಎಷ್ಟೋ ಕಥೆ ಬರೆದಿದ್ದೇನೆ. ಎಂಥ ಕೆಟ್ಟವನನ್ನು ತರಬೇಕಾದರೂ ಬೆಳಗ್ಗೆ ಎದ್ದು ಇವನು ಏನು ಮಾಡುತ್ತಾನೆ ಎಂದು ಮೊದಲು ಕೇಳಿಕೊಳ್ಳುತ್ತೇನೆ.

ಅಣ್ಣ ತಾನೇ ತರೀಕೆರೆ ಬಸ್ಸು ಹತ್ತಿ ಹೋಗಿ, "ಪೂರ್ತಿ ನಾಟಕ ನೋಡಿ, ಆಮೇಲೆ ಬೇಡ ಅನ್ನಿ" ಎಂದು ಕೇಳಿಕೊಂಡು ಬಂದ. ಜಗುಲಿಯಲ್ಲೇ ಮಾತಾಡಿಸಿ ಕಳಿಸಿದರಂತೆ.

ಕರೆಂಟನ್ನು ನಂಬುವಂತಿರಲಿಲ್ಲವಾದ್ದರಿಂದ ನಾಟಕ ಬೆಳಕಿರುವಾಗಲೇ, ಸ್ಕೂಲಿನ ಕಟ್ಟೆಯ ಮೇಲೆ ಶುರುವಾಯಿತು. ಹುಡುಗಿಯ ತಂದೆ ಬಂದು ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತರು. ಅಣ್ಣ ತಾಯಿಯನ್ನು ಹೊರಗೆ ದಬ್ಬಿದ. "ನಿನ್ ಕೈ ಸೇದೋಗ!" ಎಂದು ಹೆಂಗಸರು ಶಾಪ ಹಾಕಿದರು. ಪರದೆಯ ಹಿಂದೆ ಕರುವಿನ ಗಂಟೆ ಅಲ್ಲಾಡಿತು. ಅಣ್ಣ ಸುತ್ತ ಹುಡುಕಿ, ಯೋಚನೆಯಿಲ್ಲದೆ ಕೂಗಿದ.

"ಅವ್ವಾ, ಹಗ್ಗ ಎಲ್ಲಿಟ್ಟಿದೀಯವ್ವಾ?"

ಅಷ್ಟರಲ್ಲಿ ಮುಂದಿನ ಚಾಪೆಯಿಂದ ನಮ್ಮವ್ವ, ನಿಜವಾದ ಅವ್ವ, ಅಭ್ಯಾಸಬಲದಲ್ಲಿ ಕೂಗಿಬಿಟ್ಟಳು: "ಅಲ್ಲೇ ಗೂಟದಲ್ಲೈತೆ ನೋಡೋ, ಕಣ್ ಕಾಣಕ್ಕಿಲ್ವಾ!"

ಜನ ಹೋ ಎಂದು ನಕ್ಕರು. ಅಣ್ಣ ನಗಲಿಲ್ಲ. ಅವ್ವನ ಕಡೆ ನೋಡಿದವನ ಕೆನ್ನೆಯ ಬಣ್ಣದ ಮೇಲೆ ನೀರು ಇಳಿಯಿತು. ನಗು ಹಾಗೇ ನಿಂತಿತು. ನಾನು ಬರೆದಿರದ ಅಳು ಅದು.

ನಾಟಕ ಮುಗಿದಮೇಲೆ ಹುಡುಗಿಯ ತಂದೆ ನಮ್ಮನೆಗೆ ಬಂದು ಕೂತರು. ಅವ್ವ ಹೆದರುತ್ತಲೇ ಕಾಫಿ ತಂದಳು. ಲೋಟ ತೆಗೆದುಕೊಂಡರು.

"ಮನೇಲೂ ಹಿಂಗೇ ಕೂಗ್ತಾನಾ?"

"ದಿನಾ ಕಣ್ರೀ" ಎಂದಳು ಅವ್ವ. "ಒಂದಿನ ತಾನಾಗಿ ಹುಡುಕ್ಕೊಂಡಿದ್ರೆ ಕೇಳಿ."

ಅವರು ಕಾಫಿ ಪೂರ್ತಿ ಕುಡಿದು ಲೋಟ ಕೆಳಗಿಟ್ಟರು.

"ಹಂಗಾದ್ರೆ ನನ್ ಮಗಳು ಬಂದ ತಕ್ಷಣ, ಮೊದ್ಲು ಆ ಗೂಟ ತೋರಿಸ್ಬಿಡಿ."