ಬುಟ್ಟಿಯ ಬುಡದ ಸಸಿ

ಮೂಡಣ ಇನ್ನೂ ಕೆಂಪೇರಿಲ್ಲ. ತಿಳವಳ್ಳಿಯಿಂದ ಹರದಾರಿ ದೂರದ ಒಂದು ಹಳ್ಳಿ. ಅಲ್ಲಿಯ ಕನ್ನಡ ಶಾಲೆಯ ಕಟ್ಟೆಯ ಮೇಲೆ ಗುದ್ಲೆಪ್ಪ ಮಾಸ್ತರರು ಹಣೆತುಂಬ ವಿಭೂತಿ ಧರಿಸಿ, ಕಂದೀಲಿನ ಗಾಜು ಒರೆಸುತ್ತ ಕುಳಿತಿದ್ದಾರೆ. ಅಂಗಳ ಸಾರಿಸಿದ ಕೈಯಲ್ಲೇ ಹೆಣ್ಣುಮಕ್ಕಳು ಪಾಟಿ ಹಿಡಿದು ಒಬ್ಬೊಬ್ಬರಾಗಿ ಬರುತ್ತಾರೆ. ಏಳನೇ ಇಯತ್ತೆಯ ಪಾಠ ಸುರುವಾಗುತ್ತದೆ.

ಈ ಶಾಲೆಗೆ ಇರುವುದು ಆರೇ ಇಯತ್ತೆ. ಏಳನೆಯದು ಸರಕಾರದ ಲೆಕ್ಕದಲ್ಲಿ ಇಲ್ಲ, ಮಾಸ್ತರರ ಕಟ್ಟೆಯ ಮೇಲೆ ಮಾತ್ರ ಇದೆ.

"ಗಂಡುಹುಡುಗೂರು ತಿಳವಳ್ಳಿಗೆ ನಡಕೊಂಡು ಹೊಕ್ಕಾವ. ಹೆಣ್ಣುಹುಡುಗೂರನ್ನ ಯಾರು ಕಳಸ್ತಾರ್ರಿ?" ಎನ್ನುತ್ತಾರೆ ಅವರು. "ಆರನೇದು ಮುಗೀತಂದ್ರ ಒಲಿ ಮುಂದ ಕುಂದರಸ್ತಾರ."

ಗುದ್ಲೆಪ್ಪನವರು ಚಿಕ್ಕೇರೂರಿನ ಒಕ್ಕಲುಮಗ. ತಂದೆಗೆ ಅಕ್ಷರ ಗೊತ್ತಿರಲಿಲ್ಲ. "ಎಷ್ಟ ಮಳಿ ಸುರೀಲಿ, ನಮ್ಮಪ್ಪ ಮಣ್ಣಾಗ ಬೆರಳ ಊರಿ ನೋಡಿದ ಮ್ಯಾಲ ಹದ ಆತು ಅಂತಿದ್ದ. ನಾನೂ ಅದನ್ನ ಕಲಸ್ತೇನಿ." ಜೀವಶಾಸ್ತ್ರದ ಪ್ರಯೋಗ ಬರೆಯುವಾಗ ಅವರದೊಂದು ಕಟ್ಟಳೆಯಿದೆ: 'ಕಂಡದ್ದು' ಎಂಬಲ್ಲಿ ಕಣ್ಣು ಕಂಡದ್ದನ್ನೇ ಬರೆಯಬೇಕು. ಲಡಾಯಿಯ ಕಾಲ, ಕಾಗದ ತುಟ್ಟಿ. ಮೊದಲು ಪಾಟಿಯ ಮೇಲೆ, ತಿದ್ದಿದ ಬಳಿಕವೇ ಕಾಗದಕ್ಕೆ.

ಹೋದ ನವರಾತ್ರಿಯ ಮಾತು. ತಪಾಸಣೆಗೆ ಬರುವ ಸಾಹೇಬರು ಮೆಚ್ಚಿದರೆ ಊರಿಗೆ ಏಳನೇ ಇಯತ್ತೆ ಸಿಗುವುದಿತ್ತು. ಮಾಸ್ತರರು ಎರಡು ಮಡಕೆ ಮುಚ್ಚಳದಲ್ಲಿ ಗೋಧಿ ಬಿತ್ತಿಸಿ, ಒಂದನ್ನು ಬಿಸಿಲಿಗಿಟ್ಟರು. ಇನ್ನೊಂದಕ್ಕೆ ಬೆಳಕು ನುಸುಳದಂತೆ ಸಗಣಿ ಬಳಿದ ಬುಟ್ಟಿ ಮುಚ್ಚಿದರು. ಸಾಹೇಬರು ಬರುವ ಮುನ್ನಾದಿನ ತೆಗೆದು ನೋಡಿದರೆ, ಹಳದಿಯಾಗಬೇಕಿದ್ದ ಸಸಿಗಳು ಅರೆಹಸಿರಾಗಿ ಮೂಡಣದ ಕಿಟಕಿಯತ್ತ ಬಾಗಿ ನಿಂತಿವೆ.

ಕಸ ಹೊಡೆಯುವ ಭರಮವ್ವ ಬಾಗಿಲ ಮರೆಯಿಂದ ಮುಂದೆ ಬಂದಳು.

"ನಾನ ತಗದೇನ್ರಿ, ಎಪ್ಪಾ. ದಿನಾ ಮುಂಜಾನೆ ಕಸ ಹೊಡಿಯೂ ಮುಂದ ತಗದಿಟ್ಟು, ಹುಡುಗೂರು ಬರೂ ಹೊತ್ತಿಗೆ ಮುಚ್ಚತಿದ್ದೆ. ನವರಾತ್ರಿಗೆ ದೇವರ ಮನ್ಯಾಗ ದೇವಿ ಘಟ್ಟದ ಸುತ್ತ ಬಿತ್ತಿದ ಸಸೀಗೆ ಕತ್ತಲಿ ಇದ್ರೂ ಮುಂದ ನಂದಾದೀಪ ಇರತೈತಿ. ಇವಕ್ಕ ಯಾರದಾರ?"

ಮಾಸ್ತರರು ಅವಳನ್ನು ಬೈಯದೆ ಬುಟ್ಟಿಯನ್ನು ಬದಿಗಿಟ್ಟರು.

ಹೆಡ್‌ಮಾಸ್ತರ ಶಂಕ್ರಪ್ಪನವರು ದಾರಿಯೊಂದನ್ನು ಹುಡುಕಿದರು. "ನಮ್ಮ ಮನ್ಯಾಗ ಘಟ್ಟದ ಸಸಿ ಬಂಗಾರದಂಗ ಎದ್ದಾವ. ಒಂದ ಹಿಡಿ ತಂದು ಬುಟ್ಟಿ ಬುಡಕ ಇಡೂಣು. ಸಾಹೇಬ್ರೇನು ಸಸೀ ಜಾತಕ ಕೇಳ್ತಾರೇನು?"

"ಸಾಹೇಬ್ರು ಕೇಳೂದಿಲ್ರಿ. ದೇವಿ ಕೇಳ್ತಾಳ."

"ದೇವಿ ಸಾಲಿಗೆ ಯಾವಾಗ ಬಂದಾಳು, ಮಾಸ್ತರ?"

"ಹೆಣ್ಣುಹುಡುಗೂರು ಬರಾಕತ್ತಾರಲ್ಲರಿ."

ಮಕ್ಕಳು ಕಂಡಂತೆ ಬರೆದರು: ಬಿಸಿಲು ತಾಗಿದ ಕಡೆ ಹಸಿರು, ತಾಗದ ಕಡೆ ಹಳದಿ, ಎಲ್ಲವೂ ಕಿಟಕಿಯ ಕಡೆಗೆ ಬಾಗಿವೆ. ಹೆಸರು ಕಂಡರೆ ಚಾಕರಿ ಹೋದೀತೆಂದು ಭರಮವ್ವ ಅಂಜಿದ್ದಳು. ಮಾಸ್ತರರು ಅವಳ ಹೆಸರು ಬರೆಸದೆ, ಕೆಳಗೆ ತಮ್ಮ ಕೈಯಾರೆ ಒಂದು ಸಾಲು ಸೇರಿಸಿದರು: 'ಬುಟ್ಟಿ ಏಕೆ ಮುಚ್ಚಿದೆವೆಂದು ಎಲ್ಲರಿಗೂ ತಿಳಿಸದೆ ಇದ್ದದ್ದು ನನ್ನ ತಪ್ಪು.'

ಸಾಹೇಬರು ಎಲ್ಲವನ್ನೂ ಓದಿ ಶೇರಾ ಬರೆದರು: ಪ್ರಯೋಗ ಕೆಟ್ಟಿದೆ, ಏಳನೇ ಇಯತ್ತೆಗೆ ಶಾಲೆ ಇನ್ನೂ ಸಿದ್ಧವಿಲ್ಲ.

"ನಿಮ್ಮ ಖರೇತನ ಹುಡುಗೂರನ್ನ ಒಲಿ ಮುಂದ ಕುಂದರಿಸ್ತು," ಎಂದರು ಶಂಕ್ರಪ್ಪನವರು. ಗುದ್ಲೆಪ್ಪನವರು ಮನೆಮನೆಗೆ ಹೋಗಿ ತಾಯಂದಿರ ಎದುರು ಕೈಮುಗಿದರು: "ಹೊತ್ತು ಮೂಡೂದ್ರಾಗ ಕಳಸ್ರವ್ವ. ದನಕ್ಕ ಹೋಗೂ ಹೊತ್ತಿಗೆ ತಿರುಗಿ ಕಳಸ್ತೇನಿ." ಕಟ್ಟೆಯ ಪಾಠ ಸುರುವಾದ ವಾರದಲ್ಲೇ ಕಂದೀಲಿನ ಚಿಮಣಿ ಎಣ್ಣೆ ಮುಗಿಯಿತು. ಅಂಗಡಿಯಲ್ಲೂ ಇರಲಿಲ್ಲ. ಮರುದಿನ ಕಟ್ಟೆಯ ಮೇಲೊಂದು ತುಂಬಿದ ಬಾಟಲಿ ಕಂಡಿತು. ತಂದಿಟ್ಟವರು ಶಂಕ್ರಪ್ಪನವರು. ಅಂದಿನಿಂದ ಬಾಟಲಿ ಬರಿದಾಗಿಲ್ಲ.

ಮಾಸ್ತರರ ಆಸೆ ದೊಡ್ಡದೇನಲ್ಲ. "ಇವರು ಹೊರಗಿನಿಂದ ಕುಂತು ಏಳನೇ ಇಯತ್ತೆ ಮುಲ್ಕಿ ಪರೀಕ್ಷೆ ಪಾಸಾಗ್ಲಿ. ಶಿವ ಅಷ್ಟ ನಡಸ್ಲಿ."

ಈ ಮುಂಜಾನೆ ಅದೇ ಪ್ರಯೋಗ ಮತ್ತೆ ನಡೆದಿದೆ. ಈ ಸಲ ಭರಮವ್ವನೇ ಬುಟ್ಟಿಯ ಕಾವಲು. ಬೆಳಕು ಹರಿದ ಮೇಲೆ ಬುಟ್ಟಿ ಎತ್ತುತ್ತಾರೆ. ಮಾಸ್ತರರು ನಿಂತಲ್ಲಿಂದಲೇ ನೋಡಿ, "ಪೂರಾ ಹಳದಿ. ಬರೀರಿ," ಎನ್ನುತ್ತಾರೆ. ಪಾಟಿಗಳ ಮೇಲೆ ಬಳಪ ಓಡುತ್ತದೆ. ಶೇಖವ್ವ ಎಂಬ ಹುಡುಗಿಯ ಕೈ ಮಾತ್ರ ಅಲ್ಲಾಡುವುದಿಲ್ಲ.

"ಯಾಕ ಬರೀವಲ್ಲಿ?"

"ಬುಡಕ್ಕ ಬೆಳ್ಳಗ ಅದಾವ್ರಿ."

"ನಾ ಹಳದಿ ಅಂದ್ನೆಲ್ಲ."

"ನೀವು ಅಂದ್ರಿ. ನನಗ ಹಂಗ ಕಾಣವಲ್ದು."

ಮಾಸ್ತರರು ಮೂಗಿಗೆ ಚಾಳೀಸು ಏರಿಸಿ, ಮೊಣಕಾಲೂರಿ, ಸಸಿಯ ಬುಡದವರೆಗೆ ಬಾಗಿ ನೋಡುತ್ತಾರೆ. ಬುಡ ಬೆಳ್ಳಗೇ ಇದೆ. ಎದ್ದಾಗ ಕಣ್ಣಂಚು ತೇವವಾಗಿದೆ.

"ಎಲ್ಲಾರೂ ಪಾಟಿ ಒರಸ್ರಿ," ಎನ್ನುತ್ತಾರೆ. "ಇಲ್ಲಿ ಬರ್ರಿ. ಶೇಖವ್ವ ತೋರಸ್ತಾಳ."

ತಾವು ಒಂದು ಹೆಜ್ಜೆ ಹಿಂದೆ ಸರಿದು ಅವಳಿಗೆ ಜಾಗ ಬಿಡುತ್ತಾರೆ.