ಕರಡು ತಿದ್ದುವವಳು ಬರೆದ ವಿಮರ್ಶೆ

ಸಿನಿಮಾಗಳ ಹಿಂದಿನ ರಾಜಕೀಯವನ್ನು ಬಯಲಿಗೆಳೆಯುತ್ತಿದ್ದ, ಯಾರ ಹಂಗಿಗೂ ಬೀಳದ ಪುಟ್ಟ ಪತ್ರಿಕೆಯದು. ದರ್ಜಿ ಅಂಗಡಿಯ ಮೇಲಿನ ಒಂದೇ ಕೋಣೆ ಅದರ ಕಚೇರಿ. ಅಲ್ಲಿ ಮೂಲೆಯ ಮೇಜಿನಲ್ಲಿ ಅವಳು ಹದಿನಾಲ್ಕು ವರ್ಷಗಳಿಂದ ಕರಡು ತಿದ್ದುತ್ತಿದ್ದಳು. ತಲೆ ಬಗ್ಗಿಸಿ ಒತ್ತಕ್ಷರ ಸರಿಪಡಿಸುವವಳನ್ನು ಯಾರು ಗಮನಿಸುತ್ತಾರೆ? ಅವಳೇ ಬೇರೆ ಹೆಸರಿನಲ್ಲಿ ವಿಮರ್ಶೆಯನ್ನೂ ಬರೆಯುತ್ತಾಳೆಂಬುದು ಸಂಪಾದಕರಿಗೆ ಮತ್ತು ಅವಳ ತಂಗಿಗೆ ಮಾತ್ರ ಗೊತ್ತಿತ್ತು.

ಆ ಸಲ ಅವಳು ಬರೆದದ್ದು ಊರೆಲ್ಲ ಶಿಳ್ಳೆ ಹೊಡೆದು ನೋಡುತ್ತಿದ್ದ ಚಿತ್ರದ ಬಗ್ಗೆ. ಹಿಂದೆ ನಿಜಕ್ಕೂ ನಡೆದ ಗಿರಣಿ ಮುಷ್ಕರದಲ್ಲಿ ಕಾರ್ಮಿಕರ ಮೇಲೆ ಗುಂಡು ಹಾರಿಸಿದ ಪೊಲೀಸ್ ಅಧಿಕಾರಿಯೇ ಅದರ ನಾಯಕ. ‘ಚಿತ್ರದಲ್ಲಿ ಕಾರ್ಮಿಕರ ಕೈಯಲ್ಲಿ ಕಲ್ಲುಗಳಿವೆ. ಅಂದು ಇದ್ದದ್ದು ಊಟದ ಡಬ್ಬಿ’ ಎಂದು ಬರೆದಿದ್ದಳು. ಆ ಮುಷ್ಕರದಲ್ಲಿ ಅವಳ ಅಪ್ಪನೂ ಇದ್ದರು.

ಸಂಚಿಕೆ ಹೊರಬಿದ್ದ ನಾಲ್ಕನೇ ದಿನ ಇಬ್ಬರು ಮಫ್ತಿ ಪೊಲೀಸರು ಮೆಟ್ಟಿಲು ಹತ್ತಿ ಬಂದರು.

“ಇದನ್ನ ಬರೆದೋನು ಯಾರು?”

“ಹೇಳೋಕಾಗಲ್ಲ,” ಎಂದರು ಸಂಪಾದಕರು.

“ಹಾಗಾದ್ರೆ ನೀವೇ ನಡೀರಿ.”

ಹೊರಡುವಾಗ ಒಬ್ಬ ಅವಳತ್ತ ತಿರುಗಿದ. “ನಿಮಗೇನಾದ್ರೂ ಗೊತ್ತೇನಮ್ಮಾ?”

ಅವಳು ಇಲ್ಲವೆಂದು ತಲೆಯಾಡಿಸಿದಳು.

ಮನೆಯಲ್ಲಿ ತಂಗಿ ಕೈಬರಹದ ಹಾಳೆಗಳನ್ನೆಲ್ಲ ಸುಟ್ಟುಹಾಕಿದಳು. “ಅಕ್ಕಾ, ನಿನ್ನ ದಮ್ಮಯ್ಯ, ಬಾಯಿ ಬಿಡಬೇಡ. ಸಂಪಾದಕರಿಗೆ ಹತ್ತಾರು ಜನ ಗೊತ್ತು, ಹೇಗೋ ಹೊರಗೆ ಬರ್ತಾರೆ.”

ಎರಡು ದಿನ ಅವಳು ಕುಕ್ಕರ್ ಕೂಗಿದರೂ ಬೆಚ್ಚಿಬಿದ್ದಳು. ಮೂರನೆಯ ದಿನ ಕಚೇರಿಗೆ ಹೋಗಿ ಸಂಪಾದಕರ ಡ್ರಾಯರ್ ಎಳೆದರೆ ಅವರ ಸಕ್ಕರೆ ಕಾಯಿಲೆಯ ಮಾತ್ರೆಗಳು ಅಲ್ಲೇ ಬಿದ್ದಿದ್ದವು. ಅವನ್ನು ಚೀಲಕ್ಕೆ ಹಾಕಿಕೊಂಡು ನೇರ ಠಾಣೆಗೆ ಹೋದಳು. ಬಾಗಿಲಲ್ಲಿ ಗೋಡೆ ಹಿಡಿದು ನಿಂತು, ಆಮೇಲೆ ಒಳಗೆ ಕಾಲಿಟ್ಟಳು.

“ಸಾರ್, ಅದನ್ನ ಬರೆದೋಳು ನಾನು.”

ಅಂದು ಕಚೇರಿಗೆ ಬಂದಿದ್ದ ಇಬ್ಬರಲ್ಲಿ ಒಬ್ಬನಾದ ಅಧಿಕಾರಿ ನಕ್ಕ. “ನೀವಾ? ಮೂಲೇಲಿ ಕೂತಿದ್ದ ಅಮ್ಮ ಅಲ್ವಾ? ಹೋಗ್ರಿ, ಹೋಗ್ರಿ.”

“ನಮ್ಮಪ್ಪ ಅವತ್ತು ಅಲ್ಲಿದ್ರು ಸಾರ್. ಅವರ ಡಬ್ಬಿ ಇನ್ನೂ ನಮ್ಮನೇಲಿದೆ. ಅದರಲ್ಲಿ ಗುಂಡು ಹೊಕ್ಕ ತೂತೂ ಇದೆ.”

ಅವನ ನಗು ನಿಂತಿತು. ಅವಳ ಹೆಸರು, ವಿಳಾಸ, ತಂಗಿ ಕೆಲಸ ಮಾಡುವ ಜಾಗ ಎಲ್ಲ ಬರೆದುಕೊಂಡ. ಹೆಬ್ಬೆರಳನ್ನೂ ಒತ್ತಿಸಿಕೊಂಡ. ಸಂಜೆ ಅವಳನ್ನೂ ಸಂಪಾದಕರನ್ನೂ ಬಿಟ್ಟರು. ಆದರೆ ಮೊಕದ್ದಮೆ ಅವಳ ಮೇಲೆ ಬಿತ್ತು.

“ಯಾಕಮ್ಮಾ ಬಂದೆ? ಇನ್ನೆರಡು ದಿನ ತಡೀತಿದ್ದೆ,” ಎಂದರು ಸಂಪಾದಕರು ಬೀದಿಯಲ್ಲಿ, ಅವಳು ಕೊಟ್ಟ ಮಾತ್ರೆಗಳನ್ನು ಜೇಬಿಗೆ ಹಾಕಿಕೊಳ್ಳುತ್ತ.

“ನನ್ನಿಂದ ತಡೆಯೋಕಾಗ್ಲಿಲ್ಲ ಸಾರ್.”

ಈಗ ಹದಿನೈದು ದಿನಕ್ಕೊಮ್ಮೆ ಠಾಣೆಗೆ ಹೋಗಿ ಸಹಿ ಹಾಕಬೇಕು. ತಂಗಿ ಜೊತೆಗೆ ಹೋಗಿ ಹೊರಗಿನ ಬೆಂಚಿನ ಮೇಲೆ ಕಾಯುತ್ತಾಳೆ.